ಹಗ್ಗದ ಆ ತುದಿ

ಅಪ್ಪನ ಹಾಯಿದೋಣಿ ನಮ್ಮಿಬ್ಬರ ಹೆಸರಲ್ಲಿತ್ತು.
ಕೊಳ್ಳುವವನು ಶೋಟೋರ್ಪ್‌ನಲ್ಲಿದ್ದ.
ಇಡೀ ಕಾಲುವೆ ದಾಟಿ ಒಪ್ಪಿಸಬೇಕು.
ಒಬ್ಬರಿಂದಾಗುವ ಕೆಲಸವಲ್ಲ:
ಗೋಡೆಯ ಮೇಲೊಬ್ಬರು, ದೋಣಿಯೊಳಗೊಬ್ಬರು,
ನಡುವೆ ಹಗ್ಗ.
ಯೋಟಾ ಕಾಲುವೆಯ ಕಾನೂನು ಅದು, ನನ್ನದಲ್ಲ.

ಹಾಗಾಗಿ ನಾನು, ಎಪ್ಪತ್ತೊಂದರ ಗುನ್ವೋರ್,
ಮತ್ತು ಮಂಡಿ ಸವೆದ ಅಣ್ಣ ಸಿಕ್ಸ್ಟೆನ್,
ಮಾತು ಬಿಟ್ಟು ಹನ್ನೊಂದು ವರ್ಷವಾದವರು,
ಜೂನ್ ತಿಂಗಳ ಒಂದು ತಣ್ಣನೆ ಬೆಳಿಗ್ಗೆ
ಮೆಮ್‌ನಲ್ಲಿ ಕಟ್ಟು ಬಿಚ್ಚಿದೆವು.

ಮೂರು ದಿನಕ್ಕೆ ಮೂರೇ ಶಬ್ದ ಸಾಕಾದವು:
ಎಳೆ. ತಡೆ. ಬಿಡು.
ಎದ್ದಾಗ ಎಂಜಿನ್ ಪೆಟ್ಟಿಗೆಯ ಮೇಲೆ ಕಾಫಿ ಇರುತ್ತಿತ್ತು,
ಇಟ್ಟವನು ಇರುತ್ತಿರಲಿಲ್ಲ.
ರಸ್ತೆಗಳು ಎದ್ದು ನಿಂತು ದಾರಿ ಬಿಟ್ಟವು,
ಲಾರಿಗಳು ಕಾದವು.
ಒಂದು ಹಸು ದಡದುದ್ದಕ್ಕೂ ಜೊತೆಗೇ ಬಂದು
ಬೇಸರಪಟ್ಟು ಮುಂದೆ ನಡೆದುಹೋಯಿತು.

ರೂಕ್ಸೆನ್ ಸರೋವರ ಮುಗಿದಲ್ಲಿ ಬೆರ್ಗ್.
ಏಳು ನೀರುಕೋಣೆಗಳು,
ಒಂದರ ತಲೆಗೆ ಇನ್ನೊಂದರ ಪಾದ.
ಕದ ಕಾಯುವ ಹುಡುಗಿ ತೂವಾ, ರಜೆಯ ಕೆಲಸ,
ಬಿಸಿಲಿಗೆ ಸುಲಿದ ಮೂಗು.
ಗುಂಡಿ ಒತ್ತಿದಳು, ತೂಬು ಬಾಯಿಬಿಟ್ಟಿತು,
ಕೆಳಗೆ ಪಾಚಿಗೋಡೆಗಳ ನಡುವೆ ನೀರು ಕುದಿಯಿತು.

ಮೇಲಿನಿಂದ ನನಗೆ ಕಂಡದ್ದು ಅಣ್ಣನ ನೆತ್ತಿ.
ಇಷ್ಟು ಬೋಳಾಗಿದೆಯೆಂದು ಯಾರೂ ಹೇಳಿರಲಿಲ್ಲ.
ಅಲ್ಲೊಂದು ಮಚ್ಚೆ. ಅಪ್ಪನಿಗೂ ಅಲ್ಲೇ ಇತ್ತು.

ನೀರೇರಿತು. ಹಗ್ಗ ಸಡಿಲವಾಯಿತು, ಅವನು ಎಳೆದ.
ನೆತ್ತಿ ನನ್ನ ಬೂಟಿನ ಮಟ್ಟಕ್ಕೆ,
ಮಂಡಿಗೆ, ಸೊಂಟಕ್ಕೆ,
ಆಮೇಲೆ ಕಣ್ಣು ಕಣ್ಣಿನ ಮಟ್ಟಕ್ಕೆ ಬಂತು.
ಇಬ್ಬರೂ ಹಗ್ಗವನ್ನು ನೋಡಿದೆವು.
ಕದ ತೆರೆಯಿತು. ನಾನು ಮೆಟ್ಟಿಲು ಹತ್ತಿದೆ,
ಅವನು ಮತ್ತೆ ಬಾವಿಯ ತಳದಲ್ಲಿ.

ಎರಡನೆಯದರಲ್ಲೂ ಹಾಗೇ. ಮೂರನೆಯದರಲ್ಲೂ.
ದಡದ ತುಂಬ ಐಸ್‌ಕ್ರೀಮ್ ನೆಕ್ಕುವ ಜನ.
‘ಆ ತಾತ ಯಾಕೆ ಮುಳುಗ್ತಾ ಇಲ್ಲ?’
ಮಗುವೊಂದು ನಿರಾಸೆಯಿಂದ ಕೇಳಿತು.

ಐದನೆಯದರಲ್ಲಿ ನನ್ನ ಕೈ ತಪ್ಪಿತು,
ಮೂತಿ ತಿರುಗಿ ದೋಣಿ ಗೋಡೆಯತ್ತ ನುಗ್ಗಿತು.
‘ಗುನ್ನೀ!’ ಎಂದು ಕೂಗಿದ.
ನಾನು ಏಳು ವರ್ಷದವಳಿದ್ದಾಗಿನ ಹೆಸರು.
ಹೇಗೋ ಹಿಡಿದೆ. ಅಂಗೈ ಸುಲಿಯಿತು.

ಆರನೆಯದರ ಬಗ್ಗೆ ನೆನಪಿಲ್ಲ.

ಏಳನೆಯದರಲ್ಲಿ, ಇನ್ನೂ ಕೆಳಗಿದ್ದಾಗಲೇ,
ಒದ್ದೆ ಗೋಡೆಗೆ ಹೇಳುವವನಂತೆ ಅಂದ:
‘ಅದು ಕೆಟ್ಟುಹೋಗಿತ್ತು.’
‘ಏನು?’
‘ಬಾರೋಮೀಟರು. ಅಪ್ಪ ಹೋದ ರಾತ್ರಿ
ಮುಳ್ಳು ಶುಭ್ರ ಹವೆಯಲ್ಲಿ ನಿಂತುಬಿಟ್ಟಿತು.
ದಿನಾ ಎದ್ದರೆ ಶುಭ್ರ ಹವೆ.
ಹೊರಗೆ ಮಳೆ ಹೊಯ್ದರೂ ಶುಭ್ರ ಹವೆ.
ಅದಕ್ಕೇ ಮಾರಿದೆ.’

ಹನ್ನೊಂದು ವರ್ಷ ಮಸೆದಿಟ್ಟುಕೊಂಡ ಮಾತೊಂದಿತ್ತು ನನ್ನಲ್ಲಿ.
ನೀರು ಅವನನ್ನು ನನ್ನ ಸೊಂಟದ ತನಕ ತಂದಿತು,
ಎದೆಯ ತನಕ.
‘ನಾನೂರು ಕ್ರೋನರ್ ತೀರಾ ಕಡಿಮೆ,’ ಅಂದೆ.
‘ಅದರ ಹಿತ್ತಾಳೆಗೇ ಆರುನೂರು ಬರುತ್ತಿತ್ತು.’
ಕಣ್ಣಿನ ಮಟ್ಟಕ್ಕೆ ಬಂದಿದ್ದ.
ಈ ಸಲ ಯಾರೂ ಹಗ್ಗ ನೋಡಲಿಲ್ಲ.

ಮುಂದೆ ಏರು ಇನ್ನೂ ಇದೆ, ಆಮೇಲೆ ಇಳಿತ.
ಇಳಿಯುವಾಗ ಹಗ್ಗವನ್ನು ಗೂಟಕ್ಕೆ ಬಿಗಿದು ಮರೆಯಬಾರದು,
ನೀರು ಕೆಳಗೆ ಹೋಗುತ್ತದೆ,
ದೋಣಿ ಗೋಡೆಗೆ ನೇತುಬೀಳುತ್ತದೆ.
ಸ್ವಲ್ಪ ಸ್ವಲ್ಪವೇ ಬಿಡಬೇಕು.
ಅಪ್ಪ ಇಬ್ಬರಿಗೂ ಒಂದೇ ದಿನ ಕಲಿಸಿದ್ದು.

‘ಹಗ್ಗ ಬಿಡಿ!’ ತೂವಾ ಕೂಗಿದಳು,
ನಮ್ಮ ಹಿಂದೆ ಎರಡು ದೋಣಿ ಕಾಯುತ್ತಿದ್ದವು.
ನೀರು ಕುಡಿದು ಭಾರವಾಗಿದ್ದ ಹಗ್ಗವನ್ನು
ಸುರುಳಿ ಸುತ್ತಿ ಎಸೆದೆ.
ಹಿಡಿದ. ಪ್ಯಾಂಟಿಗೆ ಕೈ ಒರೆಸಿಕೊಂಡ.
‘ಕಾಫಿ?’ ಅಂದ.