ನೆರಳಿನ ಲೆಕ್ಕ

ಮಾಜಾಳಿ ದಂಡೆ, ಹತ್ತೂವರೆ.
ಅರಣ್ಯ ಇಲಾಖೆ ಕೊಟ್ಟ ಹಾಳೆಯಲ್ಲಿ ಐದು ಕಾಲಂ:
ಹೊತ್ತು, ಹಕ್ಕಿ, ಎಷ್ಟು, ಯಾವ ದಿಕ್ಕಿಗೆ,
ಕೊನೆಯದು ‘ಗುರುತಾಗಲಿಲ್ಲ’.
ಕೊನೆಯದೇ ತುಂಬುತ್ತಿದೆ.

ತರಬೇತಿಯಲ್ಲಿ ಹೇಳಿದ್ದರು:
ಬಣ್ಣ ನಂಬಬೇಡಿ. ಹಕ್ಕಿಯ ಹಿಂದೆ ಬಿಸಿಲಿದ್ದರೆ
ಗರುಡವೂ ಕರಿ, ಹದ್ದೂ ಕರಿ.
ಗಾತ್ರವನ್ನಂತೂ ನಂಬಲೇಬೇಡಿ,
ಹತ್ತಿರದ ಕಾಗೆ ದೂರದ ಹದ್ದಿಗಿಂತ ದೊಡ್ಡದು.
ಬಾಲ ನೋಡಿ. ರೆಕ್ಕೆ ಹಿಡಿದ ಬಗೆ ನೋಡಿ.

ನೋಡುತ್ತೇನೆ.
ಕೂರ್ಮಗಡದ ಮೇಲೊಂದು ಚುಕ್ಕೆ.
ದುರ್ಬೀನು ಒರೆಸಿದೆ. ಚುಕ್ಕೆ ಹೋಯಿತು.
ಉಪ್ಪು.

ಪಕ್ಕದಲ್ಲಿ ಸಾವಂತಿ ದುರ್ಗೇಕರ
ಹಳೇ ಬಲೆ ಹಾಸಿ ತಾರ್ಲೆ ಹರವುತ್ತಾಳೆ.
ತಲೆ ಎತ್ತುವುದೇ ಇಲ್ಲ.
ಮರಳ ಮೇಲೆ ಏನೋ ಜಾರಿತು.
“ಹದ್ದು” ಎಂದಳು, ಕೋಲಿಗೆ ಕೈ ಹಾಕಿ.
ನಾನು ಫೋಕಸ್ ತಿರುಗಿಸುವಷ್ಟರಲ್ಲಿ
ಬಲೆಯ ಮೇಲೆ ಒಂದು ಮೀನಿನಷ್ಟು ಜಾಗ ಖಾಲಿ.

“ನೆರಳಿನ ಬಾಲ ಕವಲಾದರೆ ಹದ್ದು.
ದುಂಡಗಿದ್ದರೆ ಗರುಡ,
ಅದನ್ನ ಕೈ ಮುಗಿದು ಓಡಿಸ್ತೆ.
ನೆರಳು ಬಲೆ ದಾಟೂಕೆ ಹೊತ್ತು ಹಿಡಿದರೆ
ಕಡಲ ಹದ್ದು, ಆಚೆ ಗಾಳಿಮರದಲ್ಲಿ ಗೂಡು.
ಚಳಿಗೆ ಬಂದು ಹೋಗೂದು ಇನ್ನೊಂದಿದೆ,
ಮೊಣಕೈ ಮಡಚಿದ ಹಾಗೆ ರೆಕ್ಕೆ.
ಅದು ಒಣಗಿದ್ದು ಮುಟ್ಟೂದಿಲ್ಲ, ಜೀವದ ಮೀನೇ ಆಗಬೇಕು.
ಹೆಸರು ಗೊತ್ತಿಲ್ಲ ತಂಗಿ. ನಡತೆ ಗೊತ್ತು.”

ಹೆಸರು ನನ್ನ ಹಾಳೆಯಲ್ಲಿತ್ತು: ಮೀನುಗಿಡುಗ.
ಅಷ್ಟೇ ಇತ್ತು.

ಹನ್ನೊಂದೂಕಾಲಕ್ಕೆ ತೆಂಕಣ ದಿಕ್ಕಿನಲ್ಲಿ ನನಗೆ ಸಿಕ್ಕಿತು,
ದೊಡ್ಡದು, ಕರಿದು, ಒಂದೇ ಎತ್ತರದಲ್ಲಿ.
ಕಡಲ ಹದ್ದು ಎಂದು ಕೂಗಿಯೇಬಿಟ್ಟೆ.
ಅವಳು ಮೊದಲ ಸಲ ಹುಬ್ಬಿಗೆ ಕೈ ಹಿಡಿದಳು.
“ಓಲಾಡೂದಿಲ್ಲ, ಗಾಳಿಗೆ ಬಾಗೂದಿಲ್ಲ.
ಯಾವ ಹಕ್ಕಿ ಇಷ್ಟು ನೆಟ್ಟಗೆ ಹೋತದೆ?
ಸುಮ್ಮನಿರು, ಈಗ ಸಪ್ಪಳ ಬತ್ತದೆ.”
ಬಂತು. ಅರಗಾ ಕಡೆಯ ನೌಕಾದಳದ ಹೆಲಿಕಾಪ್ಟರ್.
ಅವಳು ನಗಲಿಲ್ಲ.
ಮೀನು ಮಗುಚುವುದರಲ್ಲಿದ್ದಳು.

ಬರೆದದ್ದನ್ನು ಹೊಡೆದುಹಾಕಿದೆ.
ರಬ್ಬರು ತಂದಿರಲಿಲ್ಲ.

ಮಧ್ಯಾಹ್ನ.
ದುರ್ಬೀನು ಚೀಲದೊಳಗೆ, ಹಾಳೆ ಮೊಣಕಾಲ ಮೇಲೆ.
ಹಾಳೆಯ ಬಿಳಿಯ ಮೇಲೆ ಹಾಯ್ದಿತು ನೆರಳು,
ಹೊತ್ತಿನ ಕಾಲಂನಿಂದ ದಿಕ್ಕಿನ ಕಾಲಂವರೆಗೆ.
ತಲೆ ಎತ್ತಲಿಲ್ಲ ನಾನು.
ಬಾಲ ಕವಲು.
ಬರೆದೆ: ಹದ್ದು, ಒಂದು.

ಅವಳು ಕೋಲು ಹಿಡಿದು
ಮರಳನ್ನೇ ನೋಡುತ್ತ ಎದ್ದಳು.
“ಎರಡು” ಎಂದಳು.