ಮೂರಂಕಿಯ ದಾರಿ

ಎರಡಂಕಿಯ ದಾರಿಗೆ ಡಾಂಬರು,
ನಾಲ್ಕಂಕಿಯದಕ್ಕೆ ಜಲ್ಲಿ,
ಮೂರಂಕಿಯದಕ್ಕೆ ದೇವರೇ ದಿಕ್ಕು.
ನಮ್ಮ ಓಚೊಕೊ ಕಾಡಿನ ಲೆಕ್ಕ ಇಷ್ಟೇ.

ಶುಕ್ರವಾರ ಸಂಜೆ ಸ್ಕೂಲ್ ಬಸ್ಸಿನ ಕೀಲಿಯನ್ನು ಮೊಳೆಗೆ ತೂಗಿಸಿ
ಮನೆಗೆ ಬಂದರೆ, ಎಲ್ಡನ್ ಆಗಲೇ ಪಿಕಪ್ಪಿಗೆ ಎಲ್ಲ ಏರಿಸಿದ್ದಾನೆ:
ನೀರಿನ ಕ್ಯಾನು ಎರಡು, ಸನಿಕೆ, ಟಾರ್ಪಾಲು,
ಇಬ್ಬರು ಹಿಡಿಯಬೇಕಾದ ಅವನಪ್ಪನ ಗರಗಸ,
ಬೀನ್ಸಿನ ಡಬ್ಬಿ ಆರು. ಡಬ್ಬಿ ತೆರೆಯುವ ಕೊಕ್ಕೆ ಮಾತ್ರ ಇಲ್ಲ.
(ಅದು ಗೊತ್ತಾದದ್ದು ಹಸಿವಾದ ಮೇಲೆ.)

ಸ್ಟೇರಿಂಗು ನನ್ನದು, ನಕ್ಷೆ ಅವನದು.
ವಾರವಿಡೀ ನಲವತ್ತು ಮಕ್ಕಳ ಗದ್ದಲ ಹೊತ್ತ ನನಗೆ
ಹಿಂದೆ ಯಾರೂ ಇಲ್ಲದ್ದೇ ಒಂದು ಹಬ್ಬ.
ಎಲ್ಡನ್ ಡ್ಯಾಶ್‌ಬೋರ್ಡಿಗೆ ಅಂಗೈ ಒತ್ತಿ ಕೂರುತ್ತಾನೆ
ನಾಡಿ ಹಿಡಿದವನ ಹಾಗೆ.
ಇಪ್ಪತ್ತಾರು ವರ್ಷ ಮಿಲ್ಲಿನ ಗರಗಸ
ಹಲಗೆಗಳ ಜೊತೆ ಅವನ ಕಿವಿಯನ್ನೂ ಸೀಳಿದೆ;
ಸಣ್ಣ ಸದ್ದೆಲ್ಲ ಹೊಟ್ಟಾಗಿ ಉದುರಿಹೋಗಿ
ದಪ್ಪನೆಯವು ಮಾತ್ರ ಉಳಿದಿವೆ.
ಆದರೂ ಹೇಳಿದ: "ಎಡಗಡೆ ಹಿಂದಿನ ಬೋಲ್ಟು ಸಡಿಲ."
ಇಳಿದು ನೋಡಿದೆ.
ಸಡಿಲ.

ಮುನ್ನೂರ ಹತ್ತರ ಎರಡನೇ ತಿರುವಿನಲ್ಲಿ
ಹೆಡ್‌ಲೈಟಿಗೂ ಹೆದರದೆ ಅಡ್ಡ ಮಲಗಿತ್ತು ಒಂದು ಪೈನ್ ಮರ.
"ಎಳಿ. ತಳ್ಳಬೇಡ," ಎಂದ.
"ತಳ್ಳಿದರೆ ಅಲಗು ಬಾಗುತ್ತೆ. ಎಳೆದು ಸುಮ್ಮನೆ ಬಿಡು,
ವಾಪಸು ಒಯ್ಯೋದು ನನ್ನ ಪಾಲು."
ನಾನು ತಳ್ಳಿದೆ.
ಬಾಗಿತು. ಅವನು ಏನೂ ಅನ್ನಲಿಲ್ಲ;
ಅಂದಿದ್ದರೇ ವಾಸಿಯಿತ್ತು.
ಎಷ್ಟೋ ಹೊತ್ತಿನ ಮೇಲೆ ಯಾವಾಗಲೋ ಕೈಗೆ ಲಯ ಹತ್ತಿತು,
ಯಾರು ಎಳೆದರು, ಯಾರು ಬಿಟ್ಟರು, ಮರಕ್ಕೂ ತಿಳಿಯದ ಹಾಗೆ.
ತುಂಡು ಉರುಳಿದಾಗ ನಕ್ಷತ್ರ ಬಂದಿದ್ದವು.

ಅಲ್ಲಿ ನಲ್ಲಿಯಿಲ್ಲ, ಬೆಂಚಿಲ್ಲ, ಶೌಚಕ್ಕೆ ಸನಿಕೆಯೇ ಗತಿ.
ಸೆಪ್ಟೆಂಬರಿನ ಒಣಕಾಡು, ಬೆಂಕಿ ಹಚ್ಚುವಂತಿಲ್ಲ.
ಯಾರೋ ಎಂದೋ ಜೋಡಿಸಿಟ್ಟ ಕಲ್ಲುಗಳ ಸುತ್ತ
ಸ್ಕ್ರೂಡ್ರೈವರಿನಲ್ಲಿ ತಿವಿದು ತೆರೆದ ತಣ್ಣನೆ ಬೀನ್ಸ್ ತಿಂದು
ಇಲ್ಲದ ಬೆಂಕಿಗೆ ಅಂಗೈ ಚಾಚಿ ಕೂತೆವು,
ಅಭ್ಯಾಸಬಲ.

ಶನಿವಾರ ದಾರಿಯೇ ಕೈಕೊಟ್ಟಿತು.
ನಕ್ಷೆಯಲ್ಲಿ ಗೆರೆ ಇದೆ, ನೆಲದಲ್ಲಿ ಕೊರಕಲು.
ತಿರುಗಿಸಲು ಜಾಗವಿಲ್ಲದೆ ಅರ್ಧ ಮೈಲಿ ಹಿಂದೆ ಹಿಂದೆ,
ಅವನು ಧೂಳಿನಲ್ಲಿ ನಿಂತು ಕೈ ಬೀಸುತ್ತ,
ನಾನು ಕನ್ನಡಿಯೊಳಗಿನ ಅಂಗೈಯನ್ನೇ ನಂಬುತ್ತ.
ಎಡಕ್ಕೆ ಪ್ರಪಾತ. ಒಂದು ಮಾತೂ ಬೇಕಾಗಲಿಲ್ಲ.

ಆ ರಾತ್ರಿ ಕಿವಿಯ ಮಿಷನ್ನುಗಳನ್ನು ಕಾಫಿ ಮಗ್ಗಿಗೆ ಹಾಕಿ
ಅವನು ಮಲಗಿದ ಮೇಲೆ, ಎದುರು ದಿಣ್ಣೆಯಲ್ಲಿ
ಗಂಡು ಎಲ್ಕ್ ಕೂಗಿತು.
ಮೊದಲು ತುಕ್ಕು ಹಿಡಿದ ಗೇಟಿನ ಕೀಲು,
ಆಮೇಲೆ ಏರಿ ಏರಿ ಸೂಜಿಯಾಗಿ ಆಕಾಶಕ್ಕೆ ಚುಚ್ಚಿ,
ಕೊನೆಗೆ ಮುದುಕನ ಕೆಮ್ಮು, ಮೂರು ಸಲ.
ಮೈ ಜುಮ್ಮೆಂದಿತು. ಒಬ್ಬಳೇ ತಿಂದ ಸಿಹಿಯ ಹಾಗೆ ಚುರುಕ್ಕೆಂದಿತು.

ಅವನ ಕೈ ತೆಗೆದುಕೊಂಡೆ.
ಮಣಿಕಟ್ಟಿನಿಂದ ನಿಧಾನಕ್ಕೆ ಒಂದು ಗೆರೆ,
ನಡುಬೆರಳಿನ ತುದಿಗೆ ಸರಕ್ಕನೆ,
ಅಂಗೈ ನಡುವೆ ಮೂರು ತಟ್ಟು.
ಕಣ್ಣು ತೆರೆದ. ಅರ್ಥವಾಯಿತು.
"ಇನ್ನೊಂದು ಸಲ?" ಎಂದ ಪಿಸುದನಿಯಲ್ಲಿ,
ಎಲ್ಕಿಗೆ ಕೇಳಿಸೀತೆಂಬ ಭಯಕ್ಕೆ.

ದಿಣ್ಣೆ ಸುಮ್ಮನಿತ್ತು.
ಎಷ್ಟು ಕಾದರೂ ಸುಮ್ಮನಿತ್ತು.
ನಾನು ಗೆರೆ ಎಳೆದೆ.

ಭಾನುವಾರ ಎರಡಂಕಿಯ ದಾರಿಗೆ ಬಂದು
ಚಕ್ರಗಳು ಡಾಂಬರು ಮುಟ್ಟಿ ಗದ್ದಲ ನಿಲ್ಲಿಸಿದ್ದೇ ತಡ,
ಮಿಷನ್ನು ಕಿವಿಗೇರಿಸಿ ಕೇಳಿದ:
"ನಾಲ್ಕು ಸಲ ಕೂಗಿತು, ಅಲ್ವಾ ವೀಡಾ?"

"ನಾಲ್ಕು," ಎಂದೆ, ದಾರಿ ನೋಡುತ್ತ.

ಅವನು ಮತ್ತೆ ಡ್ಯಾಶ್‌ಬೋರ್ಡಿಗೆ ಅಂಗೈ ಇಟ್ಟ.
ಹಿಂದಿನ ಬೋಲ್ಟು ಮತ್ತೆ ಸಡಿಲವಾಗಿತ್ತೇನೋ;
ಪ್ರೈನ್‌ವಿಲ್ ಬರುವವರೆಗೂ ಅದರ ಮಾತೆತ್ತಲಿಲ್ಲ.