ಗಮನಕ್ಕೆ ಬಂದಿದೆ

ಕೋವಿ ಒಪ್ಪಿಸಲು ಪೇಟೆಯ ಠಾಣೆಗೆ ಹೋಗಿದ್ದೆ.
ಬೆಳೆ ಕಾಯಲೆಂದು ಕೊಟ್ಟ ಒಂಟಿ ನಳಿಗೆ,
ಓಟು ಮುಗಿಯುವ ತನಕ ಸರ್ಕಾರದ ಸುಪರ್ದಿಯಲ್ಲಿ.
ಮುಖ್ಯಪೇದೆ ಉದ್ದನೆಯ ಪುಸ್ತಕದಲ್ಲಿ ನಂಬರು ಬರೆದು
ರಸೀದಿ ಹರಿದು ಕೊಟ್ಟ.
"ಓಟು ಕೊಟ್ಟದ್ದಕ್ಕೂ ಹೀಗೊಂದು ಚೀಟಿ ಸಿಗುತ್ತಾ?" ಎಂದೆ.
ನಕ್ಕ. ಠಾಣೆಯಲ್ಲಿ ಇರಬೇಕಾದವರ ಅರ್ಧ ಜನ ಇಲ್ಲ,
ಇರುವವರಲ್ಲಿ ಒಬ್ಬನಿಗಾದರೂ ನಗಲು ಪುರುಸೊತ್ತಿದೆ.
ಆ ಲೆಕ್ಕವೂ ನನ್ನ ಹತ್ತಿರ ಇದೆ.
ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ
ಒಂದೊಂದನ್ನೂ ಕೇಳಿ ತರಿಸಿದ್ದೇನೆ.

ಐದು ವರ್ಷದಲ್ಲಿ ನಮ್ಮ ಶಾಸಕರು
ನಮ್ಮ ಜೀವಕ್ಕೇನು ಮಾಡಿದರು ಎಂಬುದು
ಈಗ ಒಂದು ಬೂಟಿನ ಪೆಟ್ಟಿಗೆಯಲ್ಲಿದೆ, ಮಂಚದ ಕೆಳಗೆ.
ಊಟವಾದ ಮೇಲೆ ಹೊರಗೆಳೆಯುತ್ತೇನೆ.
"ಯಾರ ಜಾತಕ ಅದು?" ಎನ್ನುತ್ತಾಳೆ ಹೆಂಡತಿ.

ಸದನದಲ್ಲಿ ಕೇಳಿದ ಪ್ರಶ್ನೆ ನೂರ ಹದಿನಾಲ್ಕು.
ಸಮುದಾಯ ಭವನ, ಹಾಕಿ ಮೈದಾನ, ಹೋಂಸ್ಟೇ ಪರವಾನಗಿ.
ಆನೆಯ ಮೇಲೆ ಏಳು. ದಾರಿದೀಪದ ಮೇಲೆ ಎರಡು.
ಗುಡ್ಡ ಜರಿದ ಊರುಗಳ ಮೇಲೆ ಹನ್ನೊಂದು.
ಒಪ್ಪಬೇಕು, ಆ ವರ್ಷ ಗಂಟಲು ಹರಿಯುವಂತೆ ಕೂಗಿದರು.

ಉತ್ತರಗಳು ಅ, ಆ, ಇ ಎಂದು ಬರುತ್ತವೆ,
ಒಂದನೇ ಕ್ಲಾಸಿನ ಸ್ಲೇಟಿನ ಹಾಗೆ.

ಅ) ತೋಟಗಳಿಗೆ ಕಾಡಾನೆ ನುಗ್ಗುತ್ತಿರುವುದು
     ಸರ್ಕಾರದ ಗಮನಕ್ಕೆ ಬಂದಿದೆಯೇ?
     ಬಂದಿದೆ.
ಆ) ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು?
     ಪರಿಶೀಲನೆಯಲ್ಲಿದೆ.
ಇ) ಎಷ್ಟು ಕಾಲಮಿತಿಯಲ್ಲಿ ಪೂರ್ಣಗೊಳಿಸಲಾಗುವುದು?
     ಪ್ರಶ್ನೆ ಉದ್ಭವಿಸುವುದಿಲ್ಲ.

ಬಂದಿದೆ.
ಅರಣ್ಯದವರು ಮೊಬೈಲಿಗೆ ಕಳಿಸುವುದೂ ಅದನ್ನೇ:
ಮೂರು ಆನೆ, ಒಂದು ಮರಿ, ಕೆರೆ ಏರಿಯ ಬಳಿ ಬಂದಿದೆ.
ಬೆಳಿಗ್ಗೆ ಕೆಲಸಕ್ಕೆ ಇಳಿಯುವವರು ಎಚ್ಚರ.

ರೈಲು ಕಾಣದ ಜಿಲ್ಲೆಗೆ ರೈಲು ಕಂಬಿಯಾದರೂ ಬಂತು, ಬೇಲಿಯಾಗಿ.
ಮಾಲ್ದಾರೆ ಕಡೆಗೆ ಮಂಜೂರಾದದ್ದು ಒಂಬತ್ತು ಕಿಲೋಮೀಟರು,
ನೆಟ್ಟದ್ದು ನಾಲ್ಕು.
ನಾಲ್ಕರ ಕೊನೆಯ ಕಂಬದ ತನಕ ನಡೆದು ಬಂದು
ಆನೆ ನಿಧಾನಕ್ಕೆ ಎಡಕ್ಕೆ ತಿರುಗುತ್ತದೆ.

ಭೇಟಿಯ ದಿನಚರಿಯೂ ಸಿಕ್ಕಿತು.
ಆನೆ ತುಳಿದವರ ಮನೆಗೆ ಹದಿನೇಳು ಸಲ. ಒಂದೂ ತಪ್ಪಿಸಿಲ್ಲ.
ಕೈ ಹಿಡಿದಿದ್ದಾರೆ, ಚೆಕ್ಕು ಕೊಟ್ಟಿದ್ದಾರೆ, ಕರಿಚಹಾ ಕುಡಿದಿದ್ದಾರೆ.
ಹನ್ನೆರಡನೆಯದು ನಮ್ಮ ತೋಟದ್ದು:
ಪಣಿ ಎರವರ ಚಾತಿ, ವಯಸ್ಸು ಅಂದಾಜು ನಲವತ್ತು,
ಲೈನ್ ಮನೆ ನಂಬರ್ ಆರು.

ತಾರೀಖು ತಾಳೆ ನೋಡೋಣವೆಂದು
ನನ್ನದೇ ಮಸ್ಟರ್ ಪುಸ್ತಕ ತೆಗೆದೆ.
ಈ ತೋಟಕ್ಕೆ ಇಪ್ಪತ್ತಾರು ವರ್ಷದಿಂದ ರೈಟರ್ ನಾನು,
ಒಂದು ಹಾಜರಿ ಹೆಚ್ಚುಕಮ್ಮಿ ಆದದ್ದಿಲ್ಲ.

ಜನವರಿ ಒಂಬತ್ತು. ಕಾಫಿ ಕುಯ್ಲು.
ಅರಣ್ಯದವರ ಸಂದೇಶ ಐದು ಐವತ್ತೆರಡಕ್ಕೆ;
ಫೋನು ಅದನ್ನಿನ್ನೂ ಅಳಿಸಿಲ್ಲ.
ನಾನು ಹೆಸರು ಕೂಗಿದ್ದು ಆರೂವರೆಗೆ.
ಪಕ್ಕದ ಗಿಡ ಕಾಣದಷ್ಟು ಮಂಜು. ಹಣ್ಣು ಉದುರುತ್ತಿತ್ತು,
ಹತ್ತಕ್ಕೆ ಲಾರಿ ಬರುವುದಿತ್ತು.
ಚಾತಿಯ ಹೆಸರಿನ ಮುಂದೆ ನನ್ನ ಅಕ್ಷರ, ನನ್ನ ನೀಲಿ ಪೆನ್ನು:
ಅರ್ಧ ದಿನ.

ಏಳು ಗಂಟೆಯೊಳಗೆ ಮುಗಿದುಹೋದವಳಿಗೆ
ಅರ್ಧ ದಿನದ ಕೂಲಿ.
ಆವತ್ತು ಅದನ್ನು ಬರೆದು, ನಾನೊಬ್ಬ ಉದಾರಿ
ಎಂದುಕೊಂಡದ್ದೂ ನೆನಪಿದೆ.

ಯಾರಿಗೆ ಓಟು ಎಂದು ನಿರ್ಧರಿಸಿಯಾಗಿದೆ. ಅದು ನಿಮಗೆ ಬೇಡ.
ಆದರೆ ಚಾತಿಯ ಮಗಳು ಪೂವಿಗೆ ಈ ಸಲ ಮೊದಲ ಓಟು.
ನಿನ್ನೆ ತೂಕದ ಕಟ್ಟೆಯ ಹತ್ತಿರ ನಿಂತು ಕೇಳಿದಳು:
"ರೈಟರೇ, ನೀವು ಎಲ್ಲಾ ಬರೆದಿಟ್ಟಿದ್ದೀರಂತೆ.
ನಂಗೂ ಓದಿ ಹೇಳಿ."
ಭಾನುವಾರ ಬರುತ್ತಾಳೆ.
ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಮೇಲೆ
ಮಸ್ಟರಿನ ಆ ಹಾಳೆ ಇಟ್ಟಿದ್ದೇನೆ.
ಎರಡು ಸಲ ತೆಗೆದೆ. ಮತ್ತೆ ಇಟ್ಟೆ.

ಅ) ಸದರಿ ಸಂದೇಶವು ರೈಟರ ಗಮನಕ್ಕೆ ಬಂದಿತ್ತೇ?
     ಬಂದಿತ್ತು.
ಆ) ಬಂದಿದ್ದಲ್ಲಿ,